ನಟಿಗೆ ಸಾಲ, ಆಕೆಯ ಶೂಗೆ 275 ಕೋಟಿ

2024ರ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಹರಾಜಾದ ಆ ಕೆಂಪು ಶೂ ಸುದ್ದಿ ನೀವೂ ಓದಿರುತ್ತೀರಿ. ‘ದ ವಿಜರ್ಡ್ ಆಫ್ ಆಝ್’ ಚಿತ್ರದಲ್ಲಿ ಜೂಡಿ ಗಾರ್ಲ್ಯಾಂಡ್ ತೊಟ್ಟಿದ್ದು. ಹರಾಜಿನ ಕೂಗು 2.8 ಕೋಟಿ ಡಾಲರ್‌ಗೆ ನಿಂತಿತು. ಕಮಿಷನ್ ಗಿಮಿಷನ್ ಎಲ್ಲ ಸೇರಿ 3.25 ಕೋಟಿ ಡಾಲರ್, ಅಂದರೆ ಸುಮಾರು 275 ಕೋಟಿ ರೂಪಾಯಿ. ಅಷ್ಟು ಕೊಟ್ಟವರು ಅದನ್ನು ಹಾಕಿಕೊಂಡು ಓಡಾಡೋಕಂತೂ ಆಗಲ್ಲ. ಜಗತ್ತಿಗೆ ಒಂದೇ ಜೊತೆ ಅನ್ನುವ ಹಾಗೂ ಇಲ್ಲ, ಇನ್ನೊಂದು ಜೊತೆ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದು, ಟಿಕೆಟ್ಟೂ ಇಲ್ಲ.

ಈ ಕಥೆಯಲ್ಲಿ ನನಗೆ ಇಷ್ಟವಾದ ಒಬ್ಬನೇ ಮನುಷ್ಯ ಅಂದರೆ ಕಳ್ಳ. ಹೌದು, ಇದೇ ಜೊತೆ 2005ರಲ್ಲಿ ಜೂಡಿ ಹುಟ್ಟಿದೂರಿನ ಮ್ಯೂಸಿಯಂನಿಂದ ಕಳುವಾಗಿತ್ತು. ಸುತ್ತಿಗೆಯಿಂದ ಗಾಜು ಒಡೆದು ಎತ್ತಿಕೊಂಡು ಹೋದ ಪುಣ್ಯಾತ್ಮ ಆ ಸಿನಿಮಾವನ್ನೇ ನೋಡಿರಲಿಲ್ಲವಂತೆ. ಫಳಫಳ ಹೊಳೆಯುವುದೆಲ್ಲ ನಿಜವಾದ ಮಾಣಿಕ್ಯ ಅಂದುಕೊಂಡಿದ್ದ. ಕದ್ದ ಮಾಲು ಕೊಳ್ಳುವವನು ನೋಡಿ, ಅಯ್ಯೋ ಇದು ಬರೀ ಗಾಜು ಕಣಯ್ಯ ಅಂದ. ಕಳ್ಳ ಎರಡೇ ದಿನದಲ್ಲಿ ಅದರಿಂದ ಕೈ ತೊಳೆದುಕೊಂಡ. ಆಮೇಲೆ ಹದಿಮೂರು ವರ್ಷ ಹುಡುಕಾಟ, ಕೊನೆಗೆ 2018ರಲ್ಲಿ ಎಫ್‌ಬಿಐನವರು ಪತ್ತೆ ಹಚ್ಚಿದರು. ಇಷ್ಟೂ ಜನರಲ್ಲಿ ಆ ಶೂಗೆ ಸರಿಯಾದ ಬೆಲೆ ಕಟ್ಟಿದವರು ಆ ಕಳ್ಳ, ಆ ಕದ್ದ ಮಾಲು ಕೊಳ್ಳುವವನು, ಇಬ್ಬರೇ ಅಲ್ವಾ?

ಇನ್ನು ಆ ಶೂ ಒಳಗಿದ್ದ ಕಾಲಿನ ಸಮಾಚಾರ. ಚಿತ್ರೀಕರಣದಲ್ಲಿ ಜೂಡಿಗೆ ಹದಿನಾರು ವರ್ಷ. ವಾರಕ್ಕೆ 500 ಡಾಲರ್. ದಪ್ಪಗಾಗಬಾರದು ಅಂತ ಒಂದು ಮಾತ್ರೆ, ನಿದ್ದೆ ಬರಲಿ ಅಂತ ಇನ್ನೊಂದು ಮಾತ್ರೆ. ಸ್ಟುಡಿಯೋ ಕಲಿಸಿದ ಆ ಅಭ್ಯಾಸ ಬಿಡಲೇ ಇಲ್ಲ. 1969ರಲ್ಲಿ ಲಂಡನ್ನಿನಲ್ಲಿ, 47ನೇ ವಯಸ್ಸಿಗೆ, ಅದೇ ನಿದ್ದೆ ಮಾತ್ರೆ ಜಾಸ್ತಿಯಾಗಿ ಸತ್ತಳು. ತಲೆ ಮೇಲೆ ಸಾಲ ಇತ್ತು. ಮಾರನೇ ವರ್ಷವೇ ಸ್ಟುಡಿಯೋದವರು ಗೋಡೌನಿನಲ್ಲಿದ್ದ ಬಟ್ಟೆಬರೆ ಎಲ್ಲ ಹರಾಜಿಗಿಟ್ಟು ಒಂದು ಜೊತೆ ಶೂನಲ್ಲೇ 15,000 ಡಾಲರ್ ಎಣಿಸಿಕೊಂಡರು. ಎಂಥಾ ಗೌರವ ನೋಡಿ!

ಅದೇ ಚಿತ್ರದಲ್ಲಿ ಕುಳ್ಳರ ಊರಿನ ಪಾತ್ರ ಮಾಡಿದವರಿಗೆ ವಾರಕ್ಕೆ 50 ಡಾಲರ್, ನಾಯಿಗೆ 125. ನಾಯಿ ಮೇಲೆ ನನಗೇನೂ ಸಿಟ್ಟಿಲ್ಲ, ಚೆನ್ನಾಗೇ ನಟಿಸಿದೆ. 2011ರಲ್ಲಿ ಅದಕ್ಕೊಂದು ಕಂಚಿನ ಪ್ರತಿಮೆಯನ್ನೂ ಮಾಡಿಸಿದರು. ಎಲ್ಲಿ? ‘ಹಾಲಿವುಡ್ ಫಾರೆವರ್’ ಸ್ಮಶಾನದಲ್ಲಿ. ದೊಡ್ಡ ದೊಡ್ಡ ಸ್ಟಾರ್‌ಗಳು ಮಲಗಿರುವ ಜಾಗ. ಬೇಸಿಗೆಯಲ್ಲಿ ಅಲ್ಲಿ ಸಿನಿಮಾನೂ ತೋರಿಸುತ್ತಾರೆ. ಜನ ಚಾಪೆ, ದಿಂಬು, ವೈನ್ ಬಾಟಲಿ ಹಿಡಿದುಕೊಂಡು ಬಂದು ಹುಲ್ಲಿನ ಮೇಲೆ ಒರಗಿಕೊಂಡು ನೋಡುತ್ತಾರೆ. ನಮ್ಮಲ್ಲಾದರೆ ಸ್ಮಶಾನದ ಕಡೆಯಿಂದ ಬಂದರೆ ತಲೆ ಮೇಲೆ ನೀರು ಸುರಿದುಕೊಂಡೇ ಮನೆಯೊಳಗೆ ಕಾಲಿಡಬೇಕು.

ಈ ಸ್ಮಶಾನದಲ್ಲೇ ನನ್ನನ್ನು ಮಣ್ಣು ಮಾಡಿ ಅಂತ ವಿಲ್‌ನಲ್ಲಿ ಬರೆದಿಟ್ಟಿದ್ದಳು ಹ್ಯಾಟಿ ಮೆಕ್‌ಡೇನಿಯಲ್. ‘ಗಾನ್ ವಿತ್ ದ ವಿಂಡ್’ ಚಿತ್ರಕ್ಕೆ ಆಸ್ಕರ್ ಗೆದ್ದವಳು, ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. 1940ರ ಆ ಸಮಾರಂಭದಲ್ಲಿ ಆಕೆಯನ್ನು ಚಿತ್ರತಂಡದ ಜೊತೆ ಕೂರಿಸಲಿಲ್ಲ. ಗೋಡೆ ಪಕ್ಕ ಬೇರೆ ಟೇಬಲ್ಲು. ಸಮಾರಂಭ ನಡೆದ ಹೋಟೆಲ್ಲಿಗೆ ಕರಿಯರನ್ನು ಬಿಡುತ್ತಲೇ ಇರಲಿಲ್ಲ, ಅದೂ ನಿರ್ಮಾಪಕರು ಶಿಫಾರಸು ಮಾಡಿದ್ದಕ್ಕೆ ಒಳಗೆ ಬಿಟ್ಟಿದ್ದು. 1952ರಲ್ಲಿ ಸತ್ತಾಗ ಸ್ಮಶಾನದವರೂ ಅದನ್ನೇ ಹೇಳಿದರು: ಇದು ಬಿಳಿಯರಿಗೆ ಮಾತ್ರ. 1999ರಲ್ಲಿ ಹೊಸ ಮಾಲೀಕರು ಒಂದು ಸ್ಮಾರಕದ ಕಲ್ಲು ನಿಲ್ಲಿಸಿದರು. ಹೆಣ ಬೇರೆ ಕಡೆ, ಕಲ್ಲು ಇಲ್ಲಿ. ಆಕೆಯ ಆಸ್ಕರ್ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿತ್ತು, ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ, 2023ರಲ್ಲಿ ಅಕಾಡೆಮಿ ಹೊಸದೊಂದು ಕೊಟ್ಟಿತು. ಶೂ ಹುಡುಕಲು ಎಫ್‌ಬಿಐ ಇತ್ತು ಸ್ವಾಮಿ. ತಮಾಷೆ ಮಾಡೋಣ ಅಂತಲೇ ಕೂತಿದ್ದೆ, ಇಲ್ಲಿ ಮಾತ್ರ ಆಗುತ್ತಿಲ್ಲ. ಬದುಕಿದ್ದಾಗ ಪಕ್ಕದಲ್ಲಿ ಒಂದು ಕುರ್ಚಿ ಹಾಕದವರು ಸತ್ತ ಮೇಲೆ ಕಲ್ಲು ಹಾಕಿ ಹೂಗುಚ್ಛ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಸಾಕಪ್ಪ ಇವರ ಸಂಭ್ರಮ.

ಇನ್ನು ಹಳೇ ಸಿನಿಮಾ ಮೇಲಿನ ಪ್ರೀತಿ. ಅಮೆರಿಕದ ಮೂಕಿ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇವತ್ತು ಇಲ್ಲವೇ ಇಲ್ಲ. ಕೆಲವು ಬೆಂಕಿಗೆ ಹೋದವು, ಕೆಲವು ಕೊಳೆತವು. ಇನ್ನು ಕೆಲವನ್ನು ಸ್ಟುಡಿಯೋದವರೇ ಜಾಗ ಸಾಲಲ್ಲ ಅಂತ ಎಸೆದರು, ರೀಲಿನಿಂದ ಬೆಳ್ಳಿ ತೆಗೆದು ಮಾರಿದರು. ಮರ್ಲಿನ್ ಮನ್ರೋ ಸಮಾಧಿಯ ಪಕ್ಕದ ಗೂಡನ್ನು ಮಾತ್ರ ‘ಪ್ಲೇಬಾಯ್’ ಪತ್ರಿಕೆಯ ಹ್ಯೂ ಹೆಫ್ನರ್ 1992ರಲ್ಲೇ 75,000 ಡಾಲರ್ ಕೊಟ್ಟು ಬುಕ್ ಮಾಡಿಸಿದ. 2017ರಲ್ಲಿ ಹೋಗಿ ಮಲಗಿಯೂ ಆಯಿತು. ಸತ್ತ ಮೇಲಾದರೂ ಆಕೆಯನ್ನು ಸುಮ್ನೆ ಬಿಡಬಾರದಿತ್ತೇ?

ಆ ಹಾಲಿವುಡ್‌ನಲ್ಲಿ ನಮ್ಮವನೂ ಒಬ್ಬನಿದ್ದ. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ, ನಟ ಸಾಬು. 1937ರ ‘ಎಲಿಫೆಂಟ್ ಬಾಯ್’ ಹಿಟ್ ಆಗಿ ಲಂಡನ್, ಅಲ್ಲಿಂದ ಹಾಲಿವುಡ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸಿ ಪದಕ ತಗೊಂಡು ಬಂದ. ಆದರೂ ಹಾಲಿವುಡ್‌ಗೆ ಅವನು ಕಂಡಿದ್ದು ಕಾಡು, ಆನೆ, ತುಂಡುಬಟ್ಟೆಯಲ್ಲೇ. 39ಕ್ಕೇ ಹೋಗಿಬಿಟ್ಟ. ತಾರೆಯರ ಹೆಸರಿನ ನಕ್ಷತ್ರಗಳನ್ನು ಫುಟ್‌ಪಾತಿನಲ್ಲಿ ಕೂರಿಸುವ ಹಾಲಿವುಡ್‌ನ ವಾಕ್ ಆಫ್ ಫೇಮ್‌ನಲ್ಲಿ 1960ರಲ್ಲೇ ಅವನಿಗೊಂದು ನಕ್ಷತ್ರ ಸಿಕ್ಕಿತ್ತು, ಅದೊಂದು ಪುಣ್ಯ. ಈಗ ಅಲ್ಲಿ ಒಂದು ನಕ್ಷತ್ರ ಕೂರಿಸಬೇಕೆಂದರೆ ಯಾರಾದರೂ 85,000 ಡಾಲರ್ ಶುಲ್ಕ ಕಟ್ಟಬೇಕು. ಮಾವುತನ ಮಗನಿಗೆ ಯಾರು ಕಟ್ಟುತ್ತಿದ್ದರೋ!