ಒಂದು ಆಲ್ಬಮ್, 31 ಲಾಟ್

ನಿನ್ನೆ ರಾತ್ರಿಯಿಂದ ಹೊಟ್ಟೆ ಉರಿಯುತ್ತಿದೆ. ಬರೆದರಾದರೂ ಆರೀತೇನೋ ಎಂದು ಕುಳಿತಿದ್ದೇನೆ. ಸಲಿಂಗಪ್ರೇಮದ ಹಳೇ ಪುಸ್ತಕ, ಫೋಟೋ ಕೂಡಿಡುವ ನನ್ನ ಈ ಹುಚ್ಚು ಗೊತ್ತಿರುವವರು ಓದಿ. ‘ಮತ್ತೆ ಶುರುವಾಯಿತು ಇವನ ಹಳೇ ಕಾಗದದ ಪುರಾಣ’ ಎನ್ನುವವರು ಮುಂದಿನ ಪೋಸ್ಟಿಗೆ ಹೋದರೆ ನನಗೇನೂ ಬೇಸರವಿಲ್ಲ.

ಆದದ್ದು ಇಷ್ಟು. ಕಳೆದ ವಾರ ಆನ್‌ಲೈನ್ ಹರಾಜಿನವರೊಬ್ಬರು 1930ರ ದಶಕದ ಒಂದು ಫೋಟೋ ಆಲ್ಬಮ್ಮನ್ನು ಪುಟಪುಟವಾಗಿ ತೋರಿಸಿದ್ದರು. ಕಪ್ಪು ಹಾಳೆ, ಚಿತ್ರದ ನಾಲ್ಕು ಮೂಲೆಗೂ ಅಂಟಿಸಿದ ಪುಟ್ಟ ತ್ರಿಕೋನಗಳು, ಕೆಳಗೆ ಬಿಳಿ ಪೆನ್ಸಿಲಿನಲ್ಲಿ ಊರು, ತಿಂಗಳು. ಇಬ್ಬರು ಗಂಡಸರು ರಜೆಗೆ ಹೋಗಿದ್ದಾರೆ. ಎಡಪುಟದಲ್ಲಿ ಸಮುದ್ರದಂಡೆಯ ಕಬ್ಬಿಣದ ಕಟಕಟೆಗೆ ಒರಗಿ ನಿಂತ ಒಬ್ಬ. ಬಲಪುಟದಲ್ಲಿ ಅದೇ ಕಟಕಟೆ, ಅದೇ ಬಿಸಿಲು, ಇನ್ನೊಬ್ಬ. ಮೊದಲನೆಯವನ ತಲೆಯ ಮೇಲಿದ್ದ ಟೋಪಿ ಈಗ ಎರಡನೆಯವನ ತಲೆಯ ಮೇಲಿದೆ. ಪುಟ ತಿರುವಿದರೆ ಕಿಟಕಿಯ ಬಳಿ ಅವನು, ಕಿಟಕಿಯ ಬಳಿ ಇವನು. ಇಬ್ಬರೂ ಒಟ್ಟಿಗಿರುವುದು ಮೂರೇ ಮೂರು ಕಡೆ. ಯಾರೋ ದಾರಿಹೋಕರ ಕೈಗೆ ಕ್ಯಾಮೆರಾ ಕೊಟ್ಟಿರಬೇಕು. ಉಳಿದಂತೆ, ಚಿತ್ರದಲ್ಲಿ ಒಬ್ಬನಿದ್ದರೆ ಅವನನ್ನು ನೋಡುತ್ತಿರುವವನು ಇನ್ನೊಬ್ಬ.

ನಿನ್ನೆ ಹರಾಜು ಶುರುವಾದಾಗ ಆಲ್ಬಮ್ ಇರಲಿಲ್ಲ. 31 ಲಾಟ್ ಇದ್ದವು, ಒಂದೊಂದು ಚಿತ್ರವೂ ಬೇರೆಬೇರೆಯಾಗಿ ಮಾರಾಟಕ್ಕೆ. ಇಬ್ಬರೂ ಇರುವ ಮೂರು ಚಿತ್ರಗಳಿಗೆ ‘ಗೇ ಇಂಟರೆಸ್ಟ್’ ಎಂಬ ಹಣೆಪಟ್ಟಿ, ಉಳಿದವುಗಳ ಹತ್ತು ಪಟ್ಟು ಬೆಲೆ. ಮಿಕ್ಕ 28ಕ್ಕೆ ‘ಅನಾಮಧೇಯ ಯುವಕ, ಕಡಲತೀರ’, ‘ಅನಾಮಧೇಯ ಯುವಕ, ಕಿಟಕಿ’. ಅಂಚು ನೇರವಾಗಿ ಕಾಣಲೆಂದು ಬಿಳಿ ಪೆನ್ಸಿಲಿನ ಬರಹವಿದ್ದ ಕಪ್ಪು ಪಟ್ಟಿಯನ್ನೂ ಕತ್ತರಿಸಿ ಎಸೆದಿದ್ದಾರೆ. ಅನಾಮಧೇಯರಂತೆ! ಅವರನ್ನು ಅನಾಮಧೇಯರನ್ನಾಗಿ ಮಾಡಿದ್ದು ನಿಮ್ಮ ಕತ್ತರಿಯಲ್ಲವೇ ಸ್ವಾಮಿ?

ಸಲಿಂಗಪ್ರೇಮದ ಸಾಹಿತ್ಯ ಚರಿತ್ರೆಯ ಚೂರುಪಾರುಗಳನ್ನು ಕೂಡಿಡುವ ನಮ್ಮಂಥವರಿಗೆ ಈ ಗೋಳು ಹೊಸದಲ್ಲ. ಉಳಿದ ಚರಿತ್ರೆಗಳಿಗೆ ಮದುವೆಯ ದಾಖಲೆ ಇರುತ್ತದೆ, ವಂಶವೃಕ್ಷ ಇರುತ್ತದೆ, ಸಮಾಧಿಯ ಕಲ್ಲಿನ ಮೇಲೆ ಎರಡು ಹೆಸರು ಅಕ್ಕಪಕ್ಕ ಇರುತ್ತವೆ. ಇಲ್ಲಿ ಇರುವುದು ಪುಸ್ತಕದ ಮೊದಲ ಖಾಲಿ ಹಾಳೆಯ ಮೇಲಿನ ಎರಡು ಇನಿಷಿಯಲ್ಲು, ಒಳಗೆ ಮರೆತು ಬಿಟ್ಟ ನಾಟಕದ ಟಿಕೆಟು, ಎದುರುಬದುರು ಅಂಟಿಸಿದ ಎರಡು ಫೋಟೋ. ಯಾವುದು ಯಾವುದರ ಪಕ್ಕದಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದೇ ಸಾಕ್ಷಿ. ಅದನ್ನೇ ಬಿಡಿಸಿ ಮಾರಿದರೆ ಕೈಗೆ ಬರುವುದು ರದ್ದಿ. ದುಬಾರಿ ರದ್ದಿ.

ಐರಿಷ್ ನಾಟಕಕಾರ ಆಸ್ಕರ್ ವೈಲ್ಡ್‌ನ ಮನೆಯ ಹರಾಜನ್ನೇ ನೆನಪಿಸಿಕೊಳ್ಳಿ. 1895ರ ಏಪ್ರಿಲ್ 24. ಆತನ ವಿಚಾರಣೆ ಇನ್ನೂ ಶುರುವಾಗಿಲ್ಲ, ಸಲಿಂಗಕಾಮದ ಆರೋಪದ ಮೇಲೆ ಸೆರೆಯಲ್ಲಿದ್ದಾನೆ. ಸಾಲ ಕೊಟ್ಟವರ ಒತ್ತಾಯಕ್ಕೆ ಲಂಡನ್ನಿನ ಟೈಟ್ ಸ್ಟ್ರೀಟ್‌ನ 16ನೇ ನಂಬರಿನ ಮನೆಯನ್ನು ಬರಿದು ಮಾಡಿದರು. ಪುಸ್ತಕಗಳನ್ನು ಕಟ್ಟುಕಟ್ಟಾಗಿ ಕಟ್ಟಿ ಸಿಕ್ಕಿದ ಬೆಲೆಗೆ ಕೊಟ್ಟರು. ಹಸ್ತಪ್ರತಿಗಳು ಕಳುವಾದವು. ಮಕ್ಕಳ ಆಟಿಕೆಗಳನ್ನೂ ಬಿಡಲಿಲ್ಲ. ಆ ಪುಸ್ತಕಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಈಗ ಅಲ್ಲೊಂದು ಇಲ್ಲೊಂದು ಗುರುತು ಸಿಗುತ್ತಿವೆ, ಅದೂ ಆತ ಬರೆದ ಅಂಚಿನ ಟಿಪ್ಪಣಿಯೋ ಸಹಿಯೋ ಇದ್ದುದರಿಂದ. ಗುರುತಿಲ್ಲದವು ಯಾರ ಕಪಾಟಿನಲ್ಲಿವೆಯೋ! ಇಟ್ಟುಕೊಂಡವರಿಗೂ ಗೊತ್ತಿರಲಾರದು.

ಮೂರು ವರ್ಷದ ನಂತರ ‘ದಿ ಬ್ಯಾಲೆಡ್ ಆಫ್ ರೆಡಿಂಗ್ ಜೇಲ್’ ಅಚ್ಚಾದಾಗ ಅದರ ಮೇಲೆ ಕವಿಯ ಹೆಸರೇ ಇರಲಿಲ್ಲ. ಇದ್ದದ್ದು ‘ಸಿ.3.3.’. ಅದು ಆತನ ಜೈಲುಕೋಣೆಯ ಸಂಖ್ಯೆ. ಹೆಸರು ಬರಲು ಏಳನೆಯ ಮುದ್ರಣದವರೆಗೆ ಕಾಯಬೇಕಾಯಿತು. ವೈಲ್ಡ್‌ನ ಬರಹಗಳ ಇಂಥ ವಿವರಗಳನ್ನೆಲ್ಲ ಗುಡ್ಡೆಹಾಕಿ 1914ರಲ್ಲಿ ‘ಸ್ಟುವರ್ಟ್ ಮೇಸನ್’ ಎಂಬ ಹೆಸರಿನಲ್ಲಿ ದೊಡ್ಡ ಗ್ರಂಥಸೂಚಿ ಮಾಡಿದವನು ಕ್ರಿಸ್ಟೊಫರ್ ಮಿಲ್ಲರ್ಡ್. ಆತನೂ ವೈಲ್ಡ್‌ನ ಮೇಲೆ ಬಂದಂಥ ಆರೋಪದ ಮೇಲೆಯೇ ಜೈಲು ಕಂಡವನು. ಕರಪತ್ರ, ಪತ್ರಿಕೆಯ ತುಣುಕು, ನಾಟಕದ ಜಾಹೀರಾತು, ಯಾವುದೂ ಅವನಿಗೆ ಕಸವಾಗಿರಲಿಲ್ಲ. ಇಂದಿನ ನಮ್ಮ ವ್ಯಾಪಾರಿ ಅವನ ಪೆಟ್ಟಿಗೆಗಳನ್ನು ಕಂಡಿದ್ದರೆ ಮೊದಲು ಕತ್ತರಿ ಹುಡುಕುತ್ತಿದ್ದ.

ಕವಾಫಿಯ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲೆಕ್ಸಾಂಡ್ರಿಯಾದ ಈ ಗ್ರೀಕ್ ಕವಿ ಬದುಕಿರುವವರೆಗೆ ತನ್ನ ಸಮಗ್ರ ಸಂಕಲನವನ್ನು ಅಂಗಡಿಗೆ ಕೊಡಲಿಲ್ಲ. ಪದ್ಯಗಳನ್ನು ಬಿಡಿಹಾಳೆಗಳಲ್ಲಿ ಅಚ್ಚುಹಾಕಿಸಿ, ಪಿನ್ನು ಚುಚ್ಚಿ ಕಟ್ಟು ಮಾಡಿ, ಕೆಲವೊಮ್ಮೆ ಕೈಯಲ್ಲೇ ತಿದ್ದಿ, ಗೆಳೆಯರಿಗೆ ಹಂಚುತ್ತಿದ್ದ. ಯಾರಿಗೆ ಏನು ಕೊಟ್ಟೆ ಎಂದು ಪಟ್ಟಿಯನ್ನೂ ಇಟ್ಟಿದ್ದ! ಆತ ತೀರಿಕೊಂಡದ್ದು 1933ರಲ್ಲಿ, ಸಂಕಲನ ಬಂದದ್ದು 1935ರಲ್ಲಿ. ತನ್ನ ಪ್ರೇಮದ ಪದ್ಯಗಳನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೊಡಬಾರದು ಎಂದು ಅಷ್ಟು ಎಚ್ಚರದಿಂದ ಅಳೆದ ಕವಿ ಅವನು. ಅಂಥ ಒಂದು ಕಟ್ಟಿನ ತುಕ್ಕು ಹಿಡಿದ ಪಿನ್ನನ್ನು ಕಿತ್ತು ಹಾಳೆಗೊಂದು ಬೆಲೆ ಕಟ್ಟುವವನಿಗೆ ಏನೆನ್ನಬೇಕು? ಬೈಗುಳ ನಾಲಿಗೆಯ ತುದಿಯಲ್ಲಿದೆ. ಹಿರಿಯರೂ ಓದುತ್ತಾರೆಂದು ನುಂಗಿಕೊಂಡಿದ್ದೇನೆ.

ಈಗ ಗೆಳೆಯರೊಬ್ಬರ ತಕರಾರು. ರಾತ್ರಿಯೇ ಫೋನಿನಲ್ಲಿ ವಾದಿಸಿದರು: ‘ಅವರು ಪ್ರೇಮಿಗಳೇ ಎಂದು ನೀನು ಹೇಗೆ ಹೇಳುತ್ತೀಯ? ಆ ಕಾಲದಲ್ಲಿ ಗಂಡಸರು ಹೆಗಲ ಮೇಲೆ ಕೈಹಾಕಿ, ತೊಡೆಯ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಿದ್ದದ್ದು ಮಾಮೂಲು. ಬರೀ ಸ್ನೇಹಿತರಿರಬಹುದು, ಅಣ್ಣತಮ್ಮಂದಿರಿರಬಹುದು.’ ಮಾತು ಸುಳ್ಳಲ್ಲ. ಹಳೆಯ ಸ್ಟುಡಿಯೋ ಚಿತ್ರಗಳಲ್ಲಿ ಅಂಥ ಸಲುಗೆ ಬೇಕಾದಷ್ಟಿದೆ, ಒಂದೇ ಚಿತ್ರ ನೋಡಿ ತೀರ್ಪು ಕೊಡುವವರು ಮೂರ್ಖರು. ಆದರೆ ಹಾಗಿದ್ದರೆ ಇಡೀ ಆಲ್ಬಮ್ ಇನ್ನೂ ಹೆಚ್ಚು ಬೇಕಾಗುತ್ತದಲ್ಲ! ಅಣ್ಣತಮ್ಮಂದಿರೋ ಅಲ್ಲವೋ ಎಂದು ಹೇಳಬಲ್ಲದ್ದು ಆ 31 ಚಿತ್ರಗಳ ಸಾಲು, ಆ ಬಿಳಿ ಪೆನ್ಸಿಲು. ಅದನ್ನು ಕಸದಬುಟ್ಟಿಗೆ ಹಾಕಿ, ಮೂರು ಚಿತ್ರಕ್ಕೆ ‘ಗೇ’ ಎಂದು ಚೀಟಿ ಹಚ್ಚಿದವನನ್ನು ಬಿಟ್ಟು ನನಗೆ ಸಾಕ್ಷಿ ಕೇಳುವುದೇ?

‘ಕಡೇಪಕ್ಷ ಉಳಿಯಿತಲ್ಲ, ಮನೆಯವರು ಸುಟ್ಟುಬಿಡುತ್ತಿದ್ದರು’ ಎಂದೂ ಹೇಳಿದರು. ಸುಡುವುದೇನು ಹೊಸದೇ? ಬರ್ಲಿನ್ನಿನಲ್ಲಿ ಲೈಂಗಿಕತೆಯ ಅಧ್ಯಯನಕ್ಕೆಂದೇ ಇದ್ದ ಮ್ಯಾಗ್ನಸ್ ಹಿರ್ಷ್‌ಫೆಲ್ಡ್‌ನ ಸಂಸ್ಥೆಗೆ ನಾಜಿ ವಿದ್ಯಾರ್ಥಿಗಳು 1933ರ ಮೇ 6ರಂದು ನುಗ್ಗಿದರು. ಅಲ್ಲಿಂದ ಹೊತ್ತೊಯ್ದ ಪುಸ್ತಕಗಳನ್ನು ಮೇ 10ರ ರಾತ್ರಿ ಒಪೆರಾ ಚೌಕದಲ್ಲಿ ಬೆಂಕಿಗೆ ಹಾಕಿದರು. ಅವರಿಗೆ ಬೆಂಕಿ ಬೇಕಾಯಿತು, ಇವರಿಗೆ ಕತ್ತರಿ ಸಾಕು. (ಹೋಲಿಕೆ ಅತಿಯಾಯಿತು, ಗೊತ್ತು. ಸಿಟ್ಟಿನಲ್ಲಿ ಬರೆದದ್ದು, ತೆಗೆಯುವುದಿಲ್ಲ.)

ಹಾಗೆಂದು ಎಲ್ಲರೂ ಹೀಗಲ್ಲ. ಜಿಮ್ ಕೆಪ್ನರ್ ಎಂಬಾತ ಅಮೆರಿಕದಲ್ಲಿ 1940ರ ದಶಕದಿಂದ ಪುಸ್ತಕ, ಪತ್ರಿಕೆ, ತುಣುಕುಗಳನ್ನು ಕೂಡಿಡುತ್ತ ಹೋದ. ಇಂದು ಸಲಿಂಗಿಗಳ ಚರಿತ್ರೆಯ ದಾಖಲೆಗಳನ್ನು ಕಾಪಾಡುವ ಲಾಸ್ ಏಂಜಲೀಸ್‌ನ ಒನ್ ಆರ್ಕೈವ್ಸ್‌ನ ಬುನಾದಿಯಲ್ಲಿ ಅವನ ಆ ಸಂಗ್ರಹವಿದೆ. ‘ಒನ್’ ಅಲ್ಲಿ 1953ರಲ್ಲಿ ಶುರುವಾದ ಸಲಿಂಗಿಗಳ ಪತ್ರಿಕೆ. 1954ರ ಅಕ್ಟೋಬರ್ ಸಂಚಿಕೆಯನ್ನು ಅಶ್ಲೀಲವೆಂದು ಅಂಚೆಯವರು ತಡೆಹಿಡಿದರು, 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪತ್ರಿಕೆಯೇ ಗೆದ್ದಿತು. ಈಗ ಮಾರಾಟಕ್ಕೆ ಬರುವ ಹಳೆಯ ಸಂಚಿಕೆಗಳ ವಿವರಣೆಯಲ್ಲಿ ‘ವಿಳಾಸದ ಚೀಟಿ ಇಲ್ಲ, ಸ್ವಚ್ಛ ಪ್ರತಿ’ ಎಂದು ಹೆಮ್ಮೆಯಿಂದ ಬರೆಯುತ್ತಾರೆ. ಅಂಚೆಗಾಗಿ ಕೋರ್ಟು ಹತ್ತಿದ ಪತ್ರಿಕೆಗೆ ಅಂಚೆಯ ಗುರುತಿಲ್ಲದಿರುವುದು ಹೆಗ್ಗಳಿಕೆಯಂತೆ.

ಸ್ವಚ್ಛ ಪ್ರತಿ. ಈ ಪದ ಬಂದಾಗ ನಾನು ತಲೆತಗ್ಗಿಸಬೇಕು.

ಹದಿನೈದು ವರ್ಷದ ಹಿಂದೆ, ಈ ಹುಚ್ಚಿನ ಮೊದಲ ದಿನಗಳಲ್ಲಿ, ನನಗೊಂದು ‘ದಿ ವೆಲ್ ಆಫ್ ಲೋನ್ಲಿನೆಸ್’ ಸಿಕ್ಕಿತ್ತು. 1928ರಲ್ಲಿ ಲಂಡನ್ನಿನ ಮ್ಯಾಜಿಸ್ಟ್ರೇಟರು ಪ್ರತಿಗಳನ್ನು ನಾಶಪಡಿಸಿ ಎಂದು ಆಜ್ಞೆ ಮಾಡಿದ್ದ, ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಯ, ರ್ಯಾಡ್‌ಕ್ಲಿಫ್ ಹಾಲ್‌ಳ ಕಾದಂಬರಿ. ನನ್ನದು ಪ್ಯಾರಿಸ್ಸಿನ ಪೆಗಸಸ್ ಪ್ರೆಸ್ಸಿನದು. ಮೊದಲ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು. ಪುಸ್ತಕ ‘ಚೊಕ್ಕಟ’ವಾಗಿರಬೇಕೆಂದು ಯಾರೋ ದೊಡ್ಡ ಸಂಗ್ರಾಹಕರ ಉಪದೇಶ ಕೇಳಿ, ಮೆತ್ತನೆಯ ರಬ್ಬರು ತಂದು, ಅರ್ಧ ಗಂಟೆ ಕುಳಿತು, ಭಕ್ತಿಯಿಂದ ಉಜ್ಜಿದೆ. ಬರಹವನ್ನು ಸರಿಯಾಗಿ ಓದಿರಲೂ ಇಲ್ಲ. ಈಗ ಆ ಹಾಳೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಒತ್ತಿದ ಗೆರೆ ಮಸುಕಾಗಿ ಕಾಣುತ್ತದೆ. ಒಂದು ‘ಎಂ’, ಒಂದು 1929, ನಡುವೆ ‘ಫ್ರಮ್’ ಇರಬಹುದಾದ ಒಂದು ತಗ್ಗು. ಯಾರಿಂದ ಎನ್ನುವ ಜಾಗದಲ್ಲಿ ನನ್ನ ರಬ್ಬರು ಬಹಳ ಶ್ರದ್ಧೆಯಿಂದ ಕೆಲಸ ಮಾಡಿದೆ.

ಆದ್ದರಿಂದ ಆ ಹರಾಜಿನವರನ್ನು ಬೈಯುವ ಯೋಗ್ಯತೆ ನನಗೆ ಅರ್ಧ ಮಾತ್ರ ಇದೆ. ಆ ಅರ್ಧವನ್ನು ಪೂರ್ತಿ ಬಳಸಿದ್ದೇನೆ.

ಇನ್ನೊಂದು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ನಿನ್ನೆ ನಾನೂ ಬಿಡ್ ಮಾಡಿದೆ. ಆಲ್ಬಮ್ ಇಡಿಯಾಗಿದ್ದರೆ ನನ್ನ ಕೈಗೆ ಎಟುಕುತ್ತಿರಲಿಲ್ಲ, ಬಿಡಿಯಾಗಿದ್ದುದರಿಂದ ಒಂದು ಸಿಕ್ಕಿತು. ಕಟಕಟೆಗೆ ಒರಗಿದ ಎಡಪುಟದವನು, ಟೋಪಿ ಹಾಕಿದವನು. ಬಲಪುಟದವನಿಗೂ ಕೂಗಿದೆ, ಆದರೆ ಯಾರೋ ಕೊನೆಯ ಕ್ಷಣದಲ್ಲಿ ಮೇಲೆ ಹೋದರು. ಕೊಂಡವರಿಗೆ ಹರಾಜಿನವರ ಮೂಲಕ ಬೆಳಗ್ಗೆ ಒಂದು ಪತ್ರ ಬರೆದೆ. ‘ನನ್ನದನ್ನು ಸುಮ್ಮನೆ ಕೊಡುತ್ತೇನೆ, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ’ ಎಂದು ಬರೆಯುವುದೋ, ‘ನಿಮ್ಮದನ್ನು ನನಗೆ ಮಾರಿ’ ಎಂದು ಬರೆಯುವುದೋ ಎಂದು ಬಹಳ ಹೊತ್ತು ಯೋಚಿಸಿದೆ.

ಎರಡನೆಯದನ್ನೇ ಬರೆದೆ. ಇನ್ನೂ ಉತ್ತರ ಬಂದಿಲ್ಲ.