ಡಯಾಲಿಸಿಸ್ ದಿನ ಎಳನೀರು: ನಾನು ಕಳಿಸಿದ್ದು ತಪ್ಪು

ಹೋದ ವಾರ ನಮ್ಮ ಅರಸೀಕೆರೆ ಕಡೆ ನೆಂಟರ ವಾಟ್ಸಾಪ್ ಗ್ರೂಪಿಗೆ ನಾನೇ ಒಂದು ಮೆಸೇಜ್ ಹಾಕಿದ್ದೆ. "ಡಯಾಲಿಸಿಸ್ ಆದಮೇಲೆ ರಕ್ತ ಪೂರ್ತಿ ಶುದ್ಧ, ಆವತ್ತು ಎಳನೀರು ಎಷ್ಟಾದರೂ ಕುಡಿಯಬಹುದು" ಅಂತ. ಅದು ತಪ್ಪು. ಡಯಾಲಿಸಿಸ್ ಅಂದರೆ ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮೆಷಿನ್‌ನಲ್ಲಿ ಸೋಸೋದು. ಆ ಮೆಸೇಜ್ ಈಗ ಹಾಸನದ ಬೇರೆ ಗ್ರೂಪುಗಳಲ್ಲೂ ಓಡಾಡುತ್ತಿದೆ.

ನಾನು ಎಡವಿದ್ದು ಮಾವನವರ ರಿಪೋರ್ಟ್ ನೋಡಿ. ಡಯಾಲಿಸಿಸ್‌ಗೆ ಮುಂಚೆ ರಕ್ತದಲ್ಲಿ ಪೊಟ್ಯಾಸಿಯಂ ಅನ್ನೋ ಲವಣಾಂಶ 5.9 ಇತ್ತು, ಮುಗಿದಮೇಲೆ 3.6. ಸರಿಹೋಯ್ತಲ್ಲ ಅಂದುಕೊಂಡೆ. ಆದರೆ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ ಸುಮಾರು 98 ಪಾಲು ಜೀವಕೋಶಗಳ ಒಳಗಿರುತ್ತದೆ. ರಕ್ತದಲ್ಲಿರೋದು ಚೂರೇ ಚೂರು. ಮೆಷಿನ್ ನಾಲ್ಕು ಗಂಟೆಯಲ್ಲಿ ರಕ್ತದ್ದನ್ನು ಎಳೆದುಹಾಕುತ್ತದೆ. ಅದಾದ ಕೆಲವೇ ಗಂಟೆಗಳಲ್ಲಿ ಕೋಶಗಳಿಂದ ಮತ್ತೆ ರಕ್ತಕ್ಕೆ ಬರುತ್ತದೆ. ತೋಡಿದ ಬಾವಿಗೆ ಒರತೆ ನೀರು ಬಂದ ಹಾಗೆ. ಮುಗಿದ ತಕ್ಷಣ ಕಾಣುವ 3.6 ರಾತ್ರಿವರೆಗೂ ಹಾಗೇ ಇರಲ್ಲ. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ಇಳಿಯೋದೂ ಅಷ್ಟೇ, ಕಿಡ್ನಿ ಸುಧಾರಿಸಿತು ಅಂತ ಅರ್ಥ ಅಲ್ಲ.

ಇದರ ಮೇಲೆ ಎಳನೀರು! 100 ಮಿಲಿಗೆ ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಕೆಲವು ಕಾಯಲ್ಲಿ ಇನ್ನೂ ಜಾಸ್ತಿ. ಕಿಡ್ನಿ ಕೆಲಸ ಮಾಡದವರಿಗೆ ಮುಂದಿನ ಡಯಾಲಿಸಿಸ್‌ವರೆಗೂ ಅದು ಹೊರಗೆ ಹೋಗೋದು ತೀರಾ ಕಡಿಮೆ. ತೀರಾ ಏರಿದರೆ ಎದೆಬಡಿತ ತಪ್ಪುತ್ತದೆ, ಹೃದಯ ನಿಂತೂ ಹೋಗಬಹುದು. ತೆಂಗಿನ ಸೀಮೆಯವರು ನಾವು, ನೋಡಲು ಬಂದವರೆಲ್ಲ ಕೈಯಲ್ಲಿ ಎಳನೀರು ಹಿಡಿದೇ ಬರುತ್ತೇವೆ, ಅಲ್ವಾ? ಡಯಾಲಿಸಿಸ್‌ನವರ ಮನೆಗೆ ಮಾತ್ರ ಬೇಡ. ಏನು, ಎಷ್ಟು ಅನ್ನೋದನ್ನು ಅವರ ಡಾಕ್ಟರೇ ಹೇಳಲಿ.

ಆ ಮೆಸೇಜ್ ಇನ್ನು ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.