ಮುಳುಗಿದ ಊರಿನವರಿಗೆ ಈ ಕಥೆ ಹೊಸದಲ್ಲ

ಪ್ರಳಯದ ನಂತರದ ಲೋಕದ ಫ್ಯಾಂಟಸಿ ಕಾದಂಬರಿಗಳನ್ನು ಜನ ಭಯದ ಮಜಾಕ್ಕೆ ಓದುತ್ತಾರೆ ಎಂದು ಬರೆದಿದ್ದೀರಿ. ನನಗೆ ಹಾಗೆ ಅನ್ನಿಸಲಿಲ್ಲ ಸರ್. ನಮ್ಮದು ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿಗಳು ಹೋದವು, ನಾವು ನವನಗರಕ್ಕೆ ಬಂದೆವು. ಈಗ ವಿಳಾಸ ಅಂದರೆ ಸೆಕ್ಟರ್ ನಂಬರ್. ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಜೊತೆ ಹೋಗಿದ್ದೆ. ಗೋಡೆ ಇಲ್ಲ, ಬಾಗಿಲಿಲ್ಲ. ಕೆಸರಿನಲ್ಲಿ ಒಂದು ಒರಳು ಮಾತ್ರ. ಅದರೊಳಗಿನ ಮಣ್ಣನ್ನು ಕೈಯಿಂದಲೇ ಬಳಿದು ತೆಗೆದು, 'ಇಲ್ಲೇ ನೋಡು ನಮ್ಮ ಅಡಗಿ ಮನಿ' ಅಂದಳು. ಇಡೀ ಮನೆ ಎದ್ದು ನಿಂತ ಹಾಗಾಯಿತು. ಇಂಥ ಕಥೆಗಳ ರುಚಿ ಇರುವುದು ಅಲ್ಲೇ ಅಲ್ವಾ?

ಬರೆಯುವವರಿಗೂ ಅದೇ ಸೆಳೆತ ಇರಬೇಕು. ಕರೆಂಟು, ಮೊಬೈಲು, ತಹಶೀಲ್ದಾರ್ ಕಚೇರಿ ಎಲ್ಲ ಅಳಿಸಿ, ಬಾವಿ ಯಾರದು, ಬೀಜ ಯಾರ ಹತ್ತಿರ ಇದೆ ಎಂದು ಮೊದಲಿನಿಂದ ಕೇಳಬಹುದು. ಮಂತ್ರ, ಮಾಯೆ ಎಲ್ಲ ಆಮೇಲೆ. ಮಹಾಭಾರತದ ಮೌಸಲ ಪರ್ವದಲ್ಲೂ ದ್ವಾರಕೆ ಮುಳುಗುತ್ತದೆ, ಉಳಿದವರನ್ನು ಕರೆದೊಯ್ಯುವ ಅರ್ಜುನನಿಗೆ ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟವಾಗುತ್ತದೆ.

ಕನ್ನಡದವರು ಸುಮ್ನೆ ಹೊರದೇಶದ ಪಾಳು ನಗರ ಯಾಕೆ ಬರೆಯಬೇಕು? 1656ರಲ್ಲಿ ಕಟ್ಟಿ ಮುಗಿಸಿದ ಗೋಳಗುಮ್ಮಟದಲ್ಲಿ ಕೊನೆಯ ನೂರು ಜನ ಉಳಿದಿದ್ದಾರೆ ಅಂತ ಶುರು ಮಾಡಿ. ಪಿಸುಮಾತೂ ಪ್ರತಿಧ್ವನಿಸುವ ಜಾಗ, ಅಲ್ಲಿ ಯಾರೂ ಗುಟ್ಟು ಮುಚ್ಚಿಡೋಕಾಗಲ್ಲ!